ಮನೆಯಲ್ಲೇ ಕಟ್ಟಬಹುದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ: ಬಡಗಿಯ ಕೆಲಸ ಮೊದಲು, ಕಂಪ್ಯೂಟರ್ ಆಮೇಲೆ

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳ ನಡುಭಾಗದಲ್ಲಿ ಪಗಡೆಯ ಹಾಸು ನೇಯ್ಗೆಯಲ್ಲೇ ಮೂಡಿಬರುವುದುಂಟು. ಮಹಿಳೆಯರು ನೇಯುವ ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದೇ ಜಿಲ್ಲೆಯ ಕಲಘಟಗಿ, ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಬರೆದ ಮರದ ತೊಟ್ಟಿಲಿಗೆ ಹೆಸರುವಾಸಿ. ಆಟದ ಸಾಮಗ್ರಿಯನ್ನೂ ಮಕ್ಕಳ ಮರಗೆಲಸವನ್ನೂ ಕೈಯಾರೆ ಮಾಡಿಕೊಂಡು ಬಂದ ಇಂಥ ಊರುಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಲು ಸಾಧ್ಯವೇ? ಸಾಧ್ಯ. ಅದಕ್ಕೆ ಬೇಕಾದ ಕೌಶಲದಲ್ಲಿ ಮುಕ್ಕಾಲು ಪಾಲು ಬಡಗಿಯದೇ ಆಗಿದೆ.

ಪೆಟ್ಟಿಗೆಯ ಹಿನ್ನೆಲೆ

1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ 'ಪಾಂಗ್', 1978ರಲ್ಲಿ ಜಪಾನಿನ ಟೈಟೊ ಕಂಪನಿಯ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ ನಾಮ್ಕೊ ಕಂಪನಿಯ 'ಪ್ಯಾಕ್‌ಮನ್' ಈ ಪೆಟ್ಟಿಗೆಗಳನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿದವು. ಆಗ ಒಂದು ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಒಂದೇ ಆಟದ ಸರ್ಕ್ಯೂಟ್ ಬೋರ್ಡ್ ಇರುತ್ತಿತ್ತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಬಿಡುಗಡೆ ಮಾಡಿದ 'ಮೇಮ್' ಎಂಬ ತಂತ್ರಾಂಶ ಈ ಸ್ಥಿತಿಯನ್ನು ಬದಲಿಸಿತು. ಹಳೆಯ ಬೋರ್ಡಿನ ನಡವಳಿಕೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸುವ ಈ ತಂತ್ರಾಂಶದಿಂದ ಒಂದೇ ಪೆಟ್ಟಿಗೆಯಲ್ಲಿ ಹಲವು ಆಟಗಳನ್ನು ಆಡಬಹುದಾಯಿತು. 2012ರಲ್ಲಿ ಬಂದ ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಕಂಪ್ಯೂಟರ್ ಕೆಲಸವನ್ನು ಇನ್ನಷ್ಟು ಹಗುರಗೊಳಿಸಿತು. ಕಚೇರಿಯೊಂದು ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ಕೂಡ 1980ರ ದಶಕದ ಆಟಗಳಿಗೆ ಸಾಕಾಗುತ್ತದೆ.

ಕಟ್ಟುವ ಕ್ರಮ

ನಿಂತು ಆಡುವ ಪೆಟ್ಟಿಗೆ ಸುಮಾರು ಆರು ಅಡಿ ಎತ್ತರ, ಎರಡು ಅಡಿ ಅಗಲ ಇರುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಲಗೆಯೊಂದರಲ್ಲಿ ಎರಡೂ ಪಕ್ಕದ ಹಲಗೆಗಳನ್ನು ಕತ್ತರಿಸಿಕೊಳ್ಳಬಹುದು. ಎರಡನೇ ಹಲಗೆಯಲ್ಲಿ ಮುಂಭಾಗ, ಮೇಲ್ಭಾಗ ಮತ್ತು ಗುಂಡಿಗಳನ್ನು ಕೂರಿಸುವ ಪಟ್ಟಿ ಸಿದ್ಧವಾಗುತ್ತವೆ. ಹಿಂಬದಿಗೆ ತೆಳುವಾದ ಹಲಗೆ ಸಾಕು, ಆದರೆ ದುರಸ್ತಿಗಾಗಿ ಅದು ತೆರೆಯುವಂತಿರಬೇಕು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಆಡುವವರ ಮೊಣಕೈ ಮಟ್ಟಕ್ಕೆ ಗುಂಡಿಗಳ ಪಟ್ಟಿ ಬರುವುದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮಕ್ಕಳಿಗಾದರೆ ಮೇಜಿನ ಮೇಲಿಡುವ ಚಿಕ್ಕ ಪೆಟ್ಟಿಗೆಯೇ ಅನುಕೂಲ.

ಗುಂಡಿಗಳಿಗೆ ಸಾಮಾನ್ಯವಾಗಿ 28ರಿಂದ 30 ಮಿ.ಮೀ. ರಂಧ್ರ ಕೊರೆಯಬೇಕಾಗುತ್ತದೆ. ಪ್ರತಿ ಗುಂಡಿಯ ಕೆಳಗೆ ಒಂದು ಪುಟ್ಟ ಸ್ವಿಚ್ ಇದ್ದು, ಅದರಿಂದ ಎರಡು ತಂತಿಗಳು ಹೊರಡುತ್ತವೆ. ಒಂದು ಎಲ್ಲ ಗುಂಡಿಗಳಿಗೂ ಸಾಮಾನ್ಯವಾದ ತಂತಿಯನ್ನು ಸೇರುತ್ತದೆ, ಇನ್ನೊಂದು ಎನ್‌ಕೋಡರ್ ಎಂಬ ಚಿಕ್ಕ ಬೋರ್ಡಿಗೆ ಹೋಗುತ್ತದೆ. ಎನ್‌ಕೋಡರಿನಿಂದ ಯುಎಸ್‌ಬಿ ತಂತಿ ಕಂಪ್ಯೂಟರನ್ನು ತಲುಪುತ್ತದೆ. ಗುಂಡಿ ಒತ್ತಿದಾಗ ಕಂಪ್ಯೂಟರ್ ಅದನ್ನು ಕೀಲಿಮಣೆಯ ಅಕ್ಷರವೊಂದನ್ನು ಒತ್ತಿದಂತೆಯೇ ಗ್ರಹಿಸುತ್ತದೆ.

ಜಾಯ್‌ಸ್ಟಿಕ್ ಎಂಬ ಹಿಡಿಯ ಕೆಳಗೂ ಇಂಥವೇ ನಾಲ್ಕು ಸ್ವಿಚ್‌ಗಳಿರುತ್ತವೆ. ಹಿಡಿಯನ್ನು ಮೂಲೆಗೆ ತಳ್ಳಿದಾಗ ಎರಡು ಸ್ವಿಚ್‌ಗಳು ಒಟ್ಟಿಗೆ ಒತ್ತಲ್ಪಡುವುದರಿಂದ ಎಂಟು ದಿಕ್ಕುಗಳು ಸಿಗುತ್ತವೆ. 1991ರ 'ಸ್ಟ್ರೀಟ್ ಫೈಟರ್ 2'ಕ್ಕೆ ಇದು ಬೇಕೇಬೇಕು. 'ಪ್ಯಾಕ್‌ಮನ್' ಆಟಕ್ಕಾದರೋ ಇದೇ ತೊಡಕು: ಅಲ್ಲಿ ನಾಲ್ಕೇ ದಿಕ್ಕು. ಆದ್ದರಿಂದ ಮೂಲೆಗಳನ್ನು ತಡೆಯುವ ತಟ್ಟೆಯುಳ್ಳ ಹಿಡಿಯನ್ನು ಆಯ್ದುಕೊಳ್ಳಬೇಕು. ಪರದೆಯ ವಿಷಯದಲ್ಲೂ ಎಚ್ಚರ ಅಗತ್ಯ. ಹಳೆಯ ಆಟಗಳ ಚಿತ್ರ ಇಂದಿನ ಟೀವಿಗಳಷ್ಟು ಅಗಲವಾಗಿರಲಿಲ್ಲ. ಹೀಗಾಗಿ 4:3 ಅನುಪಾತದ ಹಳೆಯ ಎಲ್‌ಸಿಡಿ ಮಾನಿಟರ್ ಹೆಚ್ಚು ಹೊಂದುತ್ತದೆ.

ಅಪಾಯ ಎಲ್ಲಿದೆ?

ಗುಜರಿಯಲ್ಲಿ ಸಿಗುವ ಹಳೆಯ ಪಿಕ್ಚರ್ ಟ್ಯೂಬ್ ಟೀವಿಯನ್ನು ಬಿಚ್ಚಿ ಬಳಸುವ ಆಸೆ ಹಲವರಿಗಿರುತ್ತದೆ. ಇದು ಮಾರಕವಾದೀತು. ಬಣ್ಣದ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್ ದಾಟುವ ವಿದ್ಯುತ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಬಳಿಕವೂ ಅದರ ಆವೇಶ ಉಳಿದಿರಬಹುದು. ಟ್ಯೂಬಿನ ಗಾಜಿನಲ್ಲಿ ಸೀಸವೂ ಇದೆ. ಅನುಭವಿ ದುರಸ್ತಿಗಾರರಲ್ಲದೆ ಬೇರೆಯವರು ಅದನ್ನು ತೆರೆಯಬಾರದು.

ಕಂಪ್ಯೂಟರ್ ಹಾಗೂ ಮಾನಿಟರಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಬೇಕು. ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ಸ್ಟೆಬಿಲೈಸರ್ ಅಥವಾ ಯುಪಿಎಸ್ ಇಲ್ಲದೆ ಪೆಟ್ಟಿಗೆಯನ್ನು ನಡೆಸುವುದು ಜಾಣತನವಲ್ಲ. ನವಲಗುಂದ, ಅಣ್ಣಿಗೇರಿಯಂಥ ಎರೆಮಣ್ಣಿನ ಬಯಲಿನಲ್ಲಿ ಬೇಸಿಗೆಯ ಬಿಸಿ ಮತ್ತು ಧೂಳನ್ನು ಗಮನಿಸಿ, ಗಾಳಿಯಾಡುವ ಕಿಂಡಿಗಳಿಗೆ ಜಾಳಿಗೆ ಹಾಕಬೇಕು. ಮಳೆ ಹೆಚ್ಚಿರುವ ಕಲಘಟಗಿಯ ಕಡೆ ನೀರು ತಡೆಯುವ ಪ್ಲೈವುಡ್ ಬಳಸಿ, ಹಲಗೆಯ ಅಂಚುಗಳನ್ನೂ ಬಣ್ಣದಿಂದ ಮುಚ್ಚಬೇಕು. ಭಾರದ ಪೆಟ್ಟಿಗೆ ಮಕ್ಕಳ ಮೇಲೆ ಉರುಳದಂತೆ ಗೋಡೆಗೆ ಬಿಗಿಯುವುದನ್ನು ಮರೆಯಬಾರದು.

ಕಾನೂನು ಏನನ್ನುತ್ತದೆ?

ಪೆಟ್ಟಿಗೆ ಕಟ್ಟುವುದು ತಪ್ಪಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. 1980ರ ಆಟವಾದರೂ ಅದರ ಹಕ್ಕು ಇನ್ನೂ ಮುಗಿದಿಲ್ಲ. 'ರಾಬಿ ರೋಟೊ', 'ಗ್ರಿಡ್ಲೀ' ಮುಂತಾದ ಕೆಲವು ಆಟಗಳನ್ನು ಹಕ್ಕುದಾರರೇ ವ್ಯಾಪಾರೇತರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಮನೆಯ ಪೆಟ್ಟಿಗೆಗೆ ಅವುಗಳಿಂದ ಆರಂಭಿಸುವುದು ಸರಿಯಾದ ದಾರಿ.

ಅದೇ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟು ಹಣ ಪಡೆದರೆ ವಿಷಯ ಬೇರೆ. ವಿಡಿಯೋ ಗೇಮ್ ಅಂಗಡಿಗಳ ಮೇಲೆ ಪರವಾನಗಿಯ ನಿಯಂತ್ರಣ ಹೇರುವ ಅಧಿಕಾರವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿದದ್ದು ಕರ್ನಾಟಕದಿಂದಲೇ ಹೋದ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಎಂಬುದು ಗಮನಾರ್ಹ. ವ್ಯಾಪಾರದ ಯೋಚನೆಯಿದ್ದವರು ಮೊದಲು ಪರವಾನಗಿ ಮತ್ತು ಆಟದ ಹಕ್ಕು ಎರಡನ್ನೂ ವಿಚಾರಿಸಿಕೊಳ್ಳಬೇಕು.

ಕಂಪ್ಯೂಟರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಅದನ್ನು ಬದಲಿಸಬಹುದು. ಗಟ್ಟಿಯಾಗಿ ಕೂಡಿಸಿ, ಚೆನ್ನಾಗಿ ಬಣ್ಣ ಬಳಿದ ಪೆಟ್ಟಿಗೆ ಮಾತ್ರ ಹಾಗೆಯೇ ಉಳಿಯುತ್ತದೆ. ಮನೆಯಲ್ಲಿ ಪೆಟ್ಟಿಗೆ ಕಟ್ಟಹೊರಟವರು ಖರ್ಚಿನ ಮೊದಲ ಪಾಲನ್ನು ಒಳ್ಳೆಯ ಹಲಗೆಗೆ ಮತ್ತು ಒಳ್ಳೆಯ ಬಡಗಿಯ ಕೂಲಿಗೆ ತೆಗೆದಿಡುವುದು ಲೇಸು.