ಗೆಲ್ಲುವವರೇ ಇಲ್ಲದ ಓಟ

ಟೆರಿ ಫಾಕ್ಸ್ ಓಟಕ್ಕೆ ಸೇರಲು ಪ್ರವೇಶ ಶುಲ್ಕ ಕೊಡಬೇಕಿಲ್ಲ. ಮೊದಲು ಬಂದವರಿಗೆ ಪದಕವಿಲ್ಲ, ಎಷ್ಟು ಹೊತ್ತಿನಲ್ಲಿ ಮುಗಿಸಿದಿರೆಂದು ಕೇಳುವವರೂ ಇಲ್ಲ. ಓಡಲಾಗದವರು ನಡೆಯುತ್ತಾರೆ, ಗಾಲಿಕುರ್ಚಿಯಲ್ಲಿ ಬರುತ್ತಾರೆ. ಕೈಲಾದ ದೇಣಿಗೆ ಕೊಟ್ಟರಾಯಿತು. ಬೆನ್ನ ತುಂಬ ಪ್ರಾಯೋಜಕರ ಹೆಸರು ಹೊತ್ತ ಟೀಶರ್ಟ್ ತೊಟ್ಟು ಓಡುವ ನಮ್ಮ ನಗರಗಳವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಕೆನಡಾದಲ್ಲಿ ಹುಟ್ಟಿದ ಈ ಓಟ ಕ್ಯಾನ್ಸರ್ ಸಂಶೋಧನೆಗೆಂದು ಈವರೆಗೆ ಕೂಡಿಸಿಕೊಟ್ಟ ಮೊತ್ತ 85 ಕೋಟಿ ಡಾಲರಿಗೂ ಹೆಚ್ಚು.

ಓಟಕ್ಕೆ ಹೆಸರು ಕೊಟ್ಟ ಕೆನಡಾದ ಹುಡುಗ ಟೆರಿಗೆ 1977ರಲ್ಲಿ ಮೂಳೆ ಕ್ಯಾನ್ಸರ್ ಪತ್ತೆಯಾದಾಗ ಹದಿನೆಂಟು ವರ್ಷ. ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದರು ವೈದ್ಯರು; ಎರಡೇ ವರ್ಷ ಹಿಂದಾಗಿದ್ದರೆ ಅದು ನೂರಕ್ಕೆ 15 ಇರುತ್ತಿತ್ತಂತೆ. ನಡುವೆ ಆದದ್ದು ಸಂಶೋಧನೆ. ಕೀಮೋಥೆರಪಿ ವಾರ್ಡಿನಲ್ಲಿ ತನಗಿಂತ ಚಿಕ್ಕವರು ನರಳುವುದನ್ನು ನೋಡುತ್ತಿದ್ದ ಹುಡುಗನಿಗೆ ಈ ಲೆಕ್ಕ ನಾಟಿತು. ದುಡ್ಡು ಹೋಗಬೇಕಾದದ್ದು ಪ್ರಯೋಗಾಲಯಕ್ಕೆ ಎಂದು ಆತ ತೀರ್ಮಾನಿಸಿದ್ದು ಹೀಗೆ.

ದೇಶದುದ್ದಕ್ಕೂ ಓಡಿ ಆ ದುಡ್ಡು ಕೂಡಿಸಲೆಂದು 1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿನಲ್ಲಿ ಅದ್ದಿ ಪಶ್ಚಿಮಕ್ಕೆ ಹೊರಟ. ದಿನಕ್ಕೊಂದು ಮ್ಯಾರಥಾನ್, ಅಂದರೆ ಸುಮಾರು 42 ಕಿ.ಮೀ. ಹಿಂದೆ ವ್ಯಾನಿನಲ್ಲಿ ಗೆಳೆಯ ಡಗ್ ಆಲ್ವರ್ಡ್. ಅಂದಿನ ಕೃತಕ ಕಾಲು ಇದ್ದದ್ದು ನಡಿಗೆಗೆ. ಅದು ಮುಂದೆ ಬೀಸಿ ಬರುವಷ್ಟರಲ್ಲಿ ಎಡಗಾಲು ಎರಡು ಸಲ ನೆಲ ಮುಟ್ಟಬೇಕಿತ್ತು: ಕುಪ್ಪಳಿಸು, ಹೆಜ್ಜೆ, ಮತ್ತೆ ಕುಪ್ಪಳಿಸು. ತೊಡೆಯ ತುದಿ ಉಜ್ಜಿ ಉಜ್ಜಿ ರಕ್ತ ಒಸರುತ್ತಿತ್ತು.

ಮೊದಮೊದಲು ಗಮನಿಸಿದವರು ಕಡಿಮೆ. ಹತ್ತು ಸಾವಿರ ಜನರ ಪೋರ್ಟ್ ಒ ಬಾಸ್ಕ್ ಎಂಬ ಊರು ಹತ್ತು ಸಾವಿರ ಡಾಲರ್ ಕೂಡಿಸಿತು. ತಲೆಗೊಂದು ಡಾಲರ್! ದೇಶದ 2.4 ಕೋಟಿ ಜನರಿಂದಲೂ ಅಷ್ಟೇ ಕೇಳೋಣವೆಂಬ ಗುರಿ ಹುಟ್ಟಿತು. ಕ್ವಿಬೆಕ್‌ನಲ್ಲಿ ಸಿಕ್ಕಿದ್ದು ತೀರಾ ಅಷ್ಟಕ್ಕಷ್ಟೆ. ಒಂಟಾರಿಯೋ ಮುಟ್ಟಿದಾಗ ಮಾತ್ರ ಜನ ರಸ್ತೆಬದಿಗೆ ಮುಗಿಬಿದ್ದರು. ಬೂಟು, ವ್ಯಾನು, ಪೆಟ್ರೋಲನ್ನು ಕಂಪನಿಗಳಿಂದ ಪಡೆದ ಟೆರಿ, ತನ್ನ ಓಟದಿಂದ ಯಾರೂ ಲಾಭ ಮಾಡಿಕೊಳ್ಳಲು ಮಾತ್ರ ಬಿಡಲಿಲ್ಲ.

ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ, 143ನೇ ದಿನ, 5,373 ಕಿ.ಮೀ. ಕ್ರಮಿಸಿ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ತಲೆಗೊಂದು ಡಾಲರ್ ಗುರಿ ಮರುವರ್ಷದ ಫೆಬ್ರುವರಿಯಲ್ಲಿ ಈಡೇರಿತು. ಜೂನ್ 28ರಂದು ಟೆರಿ ತೀರಿಕೊಂಡ. ಇಪ್ಪತ್ತಮೂರು ತುಂಬಲು ಇನ್ನೊಂದು ತಿಂಗಳಿತ್ತು.

ವರ್ಷಕ್ಕೊಮ್ಮೆ ಓಟ ನಡೆಸುವ ಮಾತು ಕೊಟ್ಟವರು ಫೋರ್ ಸೀಸನ್ಸ್ ಹೋಟೆಲ್‌ಗಳ ಇಸಾಡೋರ್ ಶಾರ್ಪ್. ಅವರ ಮಗನನ್ನೂ ಕ್ಯಾನ್ಸರ್ ಒಯ್ದಿತ್ತು. ಸ್ಪರ್ಧೆ ಕೂಡದು ಎಂಬುದು ಟೆರಿಯ ಷರತ್ತು. 1981ರ ಸೆಪ್ಟೆಂಬರ್‌ನ ಮೊದಲ ಓಟಕ್ಕೇ ಸುಮಾರು ಮೂರು ಲಕ್ಷ ಜನ ಬಂದರು.

ಇಂದು ಕೆನಡಾದ ಶಾಲೆಶಾಲೆಗಳಲ್ಲಿ ಈ ಓಟವಿದೆ. ಮಕ್ಕಳು ಮನೆಯಿಂದ ‘ಟೂನಿ’, ಅಂದರೆ ಎರಡು ಡಾಲರಿನ ನಾಣ್ಯ, ತರುತ್ತಾರೆ. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳಿಗೂ ಸೆಪ್ಟೆಂಬರ್ ಎಂದರೆ ಟೆರಿಯ ತಿಂಗಳು. ನಮಗೆ ಹತ್ತಿರದಲ್ಲಿ, ಚೆನ್ನೈನ ಐಐಟಿ ಆವರಣದಲ್ಲೂ ಈ ಓಟ ನಡೆದಿದೆ.