ಊರು ನೋಡದ ಊರಿನ ತಂಡ

2019ರ ಆಗಸ್ಟ್ 23. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ಬಂದು ಪಂದ್ಯ 17 ಓವರಿಗೆ ಇಳಿದಿತ್ತು. ಬಳ್ಳಾರಿ ಟಸ್ಕರ್ಸ್ ಪರ ಬ್ಯಾಟ್ ಹಿಡಿದ ಕೃಷ್ಣಪ್ಪ ಗೌತಮ್ 39 ಎಸೆತದಲ್ಲಿ ಶತಕ ಬಾರಿಸಿ, 56 ಎಸೆತಕ್ಕೆ 134 ರನ್ ಮಾಡಿ ಔಟಾಗದೆ ಉಳಿದರು. ಅದರಲ್ಲಿ ಸಿಕ್ಸರ್‌ಗಳೇ 13. ಅಷ್ಟಕ್ಕೇ ತೃಪ್ತಿಯಾಗದವರಂತೆ ಚೆಂಡು ತೆಗೆದುಕೊಂಡು, ನಾಲ್ಕು ಓವರಿನಲ್ಲಿ 15 ರನ್ ಕೊಟ್ಟು 8 ವಿಕೆಟ್ ಕಿತ್ತರು. 204ರ ಗುರಿ ಬೆನ್ನಟ್ಟಿದ ಶಿವಮೊಗ್ಗ ಲಯನ್ಸ್ 133ಕ್ಕೆ ಆಲೌಟ್.

ಟಿ20ಯಲ್ಲಿ ಒಬ್ಬನೇ ಆಟಗಾರ ಒಂದೇ ದಿನ ಇಷ್ಟು ಮಾಡಿದ್ದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಆದರೆ ಆ ಪಂದ್ಯ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್‌ಗೆ (ಕೆಪಿಎಲ್) ಅಧಿಕೃತ ಟಿ20 ಪಂದ್ಯದ ಮಾನ್ಯತೆ ಇರಲಿಲ್ಲ. ಹಾಗಾಗಿ ಅದೇ ತಿಂಗಳ 7ರಂದು ಇಂಗ್ಲೆಂಡಿನ ಲೆಸ್ಟರ್‌ಶೈರ್ ತಂಡದ ಕಾಲಿನ್ ಆಕರ್ಮನ್ 18 ರನ್‌ಗೆ ಪಡೆದ 7 ವಿಕೆಟ್ಟೇ ಪುಸ್ತಕದಲ್ಲಿ ದಾಖಲೆಯಾಗಿ ಉಳಿಯಿತು. ಗೌತಮ್ ಆಟ ದಾಖಲೆಯ ಆಚೆ ನಿಂತಿತು. ಕೆಲವೇ ತಿಂಗಳಲ್ಲಿ ಆ ತಂಡವೇ ಆಟದ ಆಚೆ ಹೋಯಿತು.

ಮಂಡ್ಯ ಪಕ್ಕದ ಹೊಳಲಿನಲ್ಲಿ ಕೂತು ಬಳ್ಳಾರಿ ತಂಡದ ಚಿಂತೆ ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಗೆ ತಂಡವೇ ಇರಲಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ನಕ್ಷೆಯಲ್ಲಿ ನಾವು ಮೈಸೂರು ವಲಯದವರು, ಹಾಗಾಗಿ ಮೈಸೂರು ವಾರಿಯರ್ಸೇ ನಮ್ಮ ತಂಡ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಟೆನಿಸ್ ಚೆಂಡಿನ ಟೂರ್ನಮೆಂಟ್ ಆಡುವ ನಮ್ಮ ಹುಡುಗರಿಗೆ ಲೀಗ್ ಕ್ರಿಕೆಟ್ ಎಂದರೆ ಟಿ.ವಿ.ಯಲ್ಲಿ ಕಾಣುವ ದೂರದ ಬೆಳಕು. ಸ್ವಂತ ತಂಡವಿದ್ದ ಬಳ್ಳಾರಿಯವರಿಗಾದರೂ ಅದು ಹತ್ತಿರವಿತ್ತೇ? ಇರಲಿಲ್ಲ ಎಂಬುದೇ ನನ್ನನ್ನು ಈ ಕಥೆಯ ಬೆನ್ನು ಹತ್ತಿಸಿದ್ದು.

ಐಪಿಎಲ್ ಶುರುವಾದ ಮರುವರ್ಷ, 2009ರಲ್ಲಿ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಪಿಎಲ್ ಆರಂಭಿಸಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಮೊದಲ ಪಟ್ಟಿಯಲ್ಲಿ ದಾವಣಗೆರೆ ಡೈಮಂಡ್ಸ್ ಇತ್ತು, ಬಿಜಾಪುರ ಬುಲ್ಸ್ ಇತ್ತು, ಬಳ್ಳಾರಿ ಇರಲಿಲ್ಲ. ಕೆಲವು ವರ್ಷ ನಿಂತೇಹೋಗಿದ್ದ ಲೀಗ್ 2014ರಲ್ಲಿ ಮತ್ತೆ ಎದ್ದು ಕೂತ ಮೇಲೆ ದಾವಣಗೆರೆಯ ಹೆಸರು ಕಾಣದಾಯಿತು, ಬಳ್ಳಾರಿ ಟಸ್ಕರ್ಸ್ ಎಂಬ ಹೊಸ ಹೆಸರು ಸೇರಿತು. 2016ರಲ್ಲಿ ಟಸ್ಕರ್ಸ್ ಚಾಂಪಿಯನ್ ಆಯಿತು. ಮುಂದೆ ಆರ್‌ಸಿಬಿ ಪರ 2020ರ ಐಪಿಎಲ್‌ನಲ್ಲಿ 473 ರನ್ ಹೊಡೆದು ಹೆಸರಾದ ದೇವದತ್ತ ಪಡಿಕ್ಕಲ್ ಹದಿಹರೆಯದಲ್ಲೇ ಆಡಿದ್ದು ಈ ತಂಡಕ್ಕೆ. 2021ರ ಜುಲೈನಲ್ಲಿ ಕೊಲಂಬೊದಲ್ಲಿ ಗೌತಮ್ 23ರಂದು ಏಕದಿನ ಪಂದ್ಯಕ್ಕೆ, ಪಡಿಕ್ಕಲ್ 28ರಂದು ಟಿ20 ಪಂದ್ಯಕ್ಕೆ ಭಾರತದ ಕ್ಯಾಪ್ ತೊಟ್ಟರು. ಒಂದೇ ವಾರದಲ್ಲಿ ಇಬ್ಬರು ಹಳೆಯ ಟಸ್ಕರ್ಸ್ ಆಟಗಾರರು! ಅಷ್ಟು ಹೊತ್ತಿಗೆ ಅವರ ತಂಡ ಮೈದಾನ ಬಿಟ್ಟು ಎರಡು ವರ್ಷವಾಗುತ್ತ ಬಂದಿತ್ತು.

ಇಷ್ಟೆಲ್ಲ ಕೊಟ್ಟ ತಂಡ ಬಳ್ಳಾರಿಯಲ್ಲಿ ಆಡುತ್ತಿರಲಿಲ್ಲ. ಲೀಗಿನ ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡೆಯುತ್ತಿದ್ದವು. ಬಳ್ಳಾರಿಯ ಹುಡುಗ ತನ್ನೂರ ತಂಡವನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿಗೆ ಮುನ್ನೂರು ಕಿಲೋಮೀಟರು ಬಸ್ಸು ಹತ್ತಬೇಕಿತ್ತು. ಅಮೆರಿಕದ ಬೇಸ್‌ಬಾಲ್‌ನ ಮೈನರ್ ಲೀಗ್ ನೆನಪಾಗುವುದು ಇಲ್ಲೇ. ಅಲ್ಲಿ ಸಣ್ಣ ಪಟ್ಟಣಕ್ಕೂ ತಂಡ ಇರುತ್ತದೆ, ದೊಡ್ಡ ಕ್ಲಬ್ಬುಗಳಿಗೆ ಹುಡುಗರನ್ನು ತಯಾರು ಮಾಡಿಕೊಡುವುದೇ ಅದರ ಕೆಲಸ. ಕೆಪಿಎಲ್ ಮಾಡಿದ್ದೂ ಅದನ್ನೇ. ಆದರೆ ಅಲ್ಲಿನ ತಂಡ ತನ್ನ ಪಟ್ಟಣದ ಮೈದಾನದಲ್ಲೇ ಆಡುತ್ತದೆ, ಸಂಜೆ ಊಟ ಮುಗಿಸಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬಹುದು. 2021ರ ಋತುವಿಗೆ ಮುನ್ನ ಅಲ್ಲಿ ದೊಡ್ಡ ಲೀಗಿಗೆ ಸೇರಿದ 160 ತಂಡಗಳನ್ನು 120ಕ್ಕೆ ಇಳಿಸಿದಾಗ ಪಟ್ಟಣಗಳು ನೊಂದು ಮಾತಾಡಿದವು. ತಮ್ಮದೆಂದು ಹೇಳಿಕೊಳ್ಳಲು ಅವುಗಳಿಗೆ ಒಂದು ಮೈದಾನವಿತ್ತು, ಅಲ್ಲಿ ಕಳೆದ ಸಂಜೆಗಳಿದ್ದವು.

ಬಳ್ಳಾರಿ ತಂಡದ ಕೊನೆ ಬಂದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಗೌತಮ್ ಆಟದ ಎಂಟನೇ ದಿನ, ಆಗಸ್ಟ್ 31ರಂದು, ಅಲ್ಲಿನ ಒಡೆಯರ್ ಮೈದಾನದಲ್ಲಿ ಫೈನಲ್. ಎದುರಾಳಿ ಹುಬ್ಬಳ್ಳಿ ಟೈಗರ್ಸ್. ಟಸ್ಕರ್ಸ್ 8 ರನ್‌ಗಳಿಂದ ಸೋತಿತು. ಅಷ್ಟು ಕಡಿಮೆ ಅಂತರದ ಸೋಲು ಆಟದಲ್ಲಿ ಇದ್ದದ್ದೇ ಎಂದು ಎಲ್ಲರೂ ಮನೆಗೆ ಹೋದರು. ಸೆಪ್ಟೆಂಬರಿನಲ್ಲಿ ಬೇರೊಂದು ತಂಡದ ಮಾಲೀಕರ ಬಂಧನದೊಂದಿಗೆ ಬೆಟ್ಟಿಂಗ್ ತನಿಖೆ ಬಯಲಿಗೆ ಬಂತು. ನವೆಂಬರ್ 7ರಂದು ಬೆಂಗಳೂರಿನ ಸಿಸಿಬಿ ಪೊಲೀಸರು ಟಸ್ಕರ್ಸ್ ನಾಯಕನನ್ನೂ ಇನ್ನೊಬ್ಬ ಆಟಗಾರನನ್ನೂ ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು ಹಣ ಪಡೆದರು ಎಂಬುದು ಆರೋಪ. 2022ರ ಜನವರಿ 10ರಂದು ಹೈಕೋರ್ಟ್ ಪ್ರಕರಣ ರದ್ದು ಮಾಡಿತು. ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು, ಶಿಸ್ತುಕ್ರಮ ಬಿಸಿಸಿಐ ಕೈಯಲ್ಲಿದೆ. ಆದರೆ ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಇದಲ್ಲ ಎಂದು ತೀರ್ಪು ಹೇಳಿತು. ಹೀಗೆ ರದ್ದಾದ ಪ್ರಕರಣದ ಹೆಸರುಗಳನ್ನು ನಾನು ಮತ್ತೆ ಇಲ್ಲಿ ಬರೆಯಲಾರೆ.

ಆ ತೀರ್ಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಟಿಕೆಟ್ಟಿನ ಮಾತು. ಪ್ರೇಕ್ಷಕರು ಪ್ರಾಮಾಣಿಕ ಆಟ ನೋಡುತ್ತೇವೆಂದು ನಂಬಿ ಬಂದರೂ ಟಿಕೆಟ್ ಕೊಳ್ಳುವುದು ತಮ್ಮ ಇಷ್ಟದಿಂದ, ಯಾರ ಪ್ರಚೋದನೆಯಿಂದಲೂ ಅಲ್ಲ ಎಂದಿತು ಪೀಠ. ಇದ್ದ ಕಾನೂನಿನ ಮಿತಿಯಲ್ಲಿ ಅದು ಸರಿಯೇ ಇರಬೇಕು. ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವೆಂದು ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ ಹೇಳಿದ್ದನ್ನು ಸರ್ಕಾರ ಕೇಳಿಸಿಕೊಂಡಿದ್ದರೆ ನ್ಯಾಯಾಲಯಕ್ಕೆ ಬೇರೆ ದಾರಿ ಇರುತ್ತಿತ್ತು. ಅದಾಗಲಿಲ್ಲ. ಆರೋಪ ನಿಜವೋ ಸುಳ್ಳೋ ಎಂಬುದು ವಿಚಾರಣೆಗೆ ಬರಲೇ ಇಲ್ಲ. ಆ ಆಟಗಾರರಿಗೂ ತಾವು ನಿರ್ದೋಷಿಗಳೆಂದು ಸಾಬೀತುಪಡಿಸಿಕೊಳ್ಳುವ ಅವಕಾಶ ಸಿಗಲಿಲ್ಲ, ನೋಡಿದವರಿಗೂ ಸಮಾಧಾನ ಸಿಗಲಿಲ್ಲ.

ಕೆಪಿಎಲ್ ಮತ್ತೆ ನಡೆಯಲಿಲ್ಲ. 2022ರಲ್ಲಿ, ತೀರಿಹೋಗಿದ್ದ ಒಡೆಯರ್ ನೆನಪಿನಲ್ಲಿ, ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಎಂದು ಆರು ತಂಡ. ಬಳ್ಳಾರಿ, ಬಿಜಾಪುರ, ಬೆಳಗಾವಿ ಹೊರಗುಳಿದವು. ಮೊದಲ ವರ್ಷವೇ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು, ಗೆದ್ದದ್ದು ಮೈಸೂರು ಮತ್ತು ಬೆಂಗಳೂರಿನ ಮೈದಾನಗಳಲ್ಲಿ. ಕಲಬುರಗಿಯವರ ಪಾಲಿಗೂ ಟಿ.ವಿ.ಯೇ ಗತಿ. 2025ರಲ್ಲಿ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದ ನಂತರ ಟೂರ್ನಿಯನ್ನು ಮೈಸೂರಿಗೆ ಒಯ್ದರು, ಆದರೆ ಪ್ರೇಕ್ಷಕರಿಗೆ ಬಾಗಿಲು ಮುಚ್ಚಿ. ಮಂಡ್ಯದಿಂದ ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ ಆಟ ನಡೆಯುತ್ತಿತ್ತು, ಹೋಗಿ ನೋಡುವಂತಿರಲಿಲ್ಲ. ಮುಂದಿನ ಯಾವುದಾದರೂ ವರ್ಷ ಆರು ತಂಡಗಳ ಪೈಕಿ ಎರಡಾದರೂ ಜಿಲ್ಲಾ ಕೇಂದ್ರದ ಮೈದಾನವೊಂದರಲ್ಲಿ ಒಂದು ಸಂಜೆ ಆಡಲಿ. ಮೊದಲ ಸರದಿ ಬಳ್ಳಾರಿಯದಾಗಲಿ, ನಾವು ಮಂಡ್ಯದವರು ಎರಡನೆಯದಕ್ಕೆ ಕಾಯುತ್ತೇವೆ.