ಚಳಿಗಾಲದ ಬಿಸಿ ಸಾರು: ಕಟ್ಟಿನ ಜೊತೆ ಕಾಳೂ ಇರಲಿ



ಡಿಸೆಂಬರ್ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು, ಬೆಳಗಿನ ಜಾವದ ಚಳಿ ಎಲ್ಲವೂ ಒಟ್ಟಿಗೇ ಬರುತ್ತವೆ. ಕೃಷ್ಣಾ ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸುವಾಗ ನಮ್ಮ ತಾಯಂದಿರು ನಸುಕಿನಲ್ಲೇ ಒಲೆ ಹಚ್ಚಿ ಹೊಲಕ್ಕೆ ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಗಂಡಸರು ದೂರದ ಊರುಗಳಿಗೆ ಕೂಲಿಗೆ ಹೋಗಿರುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಹೆಂಗಸರು, ಮಕ್ಕಳು. ಇಂಥ ದಿನಗಳಲ್ಲಿ ಒಂದು ಗಡಿಗೆ ಬಿಸಿ ಸಾರು ಮನೆಗೆ ದೊಡ್ಡ ಆಸರೆ.

ಈಗ ಪೇಟೆಯ ಅಂಗಡಿಗಳಲ್ಲಿ ಸೂಪಿನ ಪೊಟ್ಟಣಗಳು ಸಿಗುತ್ತವೆ. ಬಿಸಿನೀರಿಗೆ ಹಾಕಿ ಕಲಸಿದರೆ ಆಯಿತು. ಆದರೆ ಅಂಥ ಪೊಟ್ಟಣಗಳಲ್ಲಿ ಹೆಚ್ಚಿನವುಗಳಲ್ಲಿ ಮೆಕ್ಕೆಜೋಳದ ಹಿಟ್ಟು, ಉಪ್ಪು, ಸಕ್ಕರೆಯದೇ ಮೇಲುಗೈ. ನಾಲಿಗೆಗೆ ರುಚಿ ಸಿಗುತ್ತದೆ, ಮೈಗೆ ಕಸುವು ಸಿಗುವುದಿಲ್ಲ. ಸೂಪು ಎಂಬ ಹೆಸರು ನಮಗೆ ಹೊಸದಾದರೂ ಆ ಪದಾರ್ಥ ಹೊಸದಲ್ಲ. ಹುರುಳಿ ಕಟ್ಟು, ಜೋಳದ ಅಂಬಲಿ, ಹಸಿ ತೊಗರಿಕಾಳಿನ ಸಾರು, ಕಾಲು ಸಾರು ಇವೆಲ್ಲ ನಮ್ಮ ಮನೆಯ ಸೂಪುಗಳೇ. ಅವುಗಳನ್ನು ಮಾಡುವ ಬಗೆಯನ್ನು ಈ ಸಲ ತಿಳಿಸುತ್ತೇವೆ. ಅದಕ್ಕೆ ಮೊದಲು ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ತಿಳುವಳಿಕೆಯ ಬಗ್ಗೆ ಹೇಳಬೇಕಾಗಿದೆ.

ಕಾಳು ಎತ್ತಿಗೆ, ಕಟ್ಟು ಮನೆಗೆ

ಹಿರಿಯರಿಗೆ ನೆನಪಿರಬಹುದು. ಒಕ್ಕಲುತನವೆಲ್ಲ ಎತ್ತಿನ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಬೆಂದ ಕಾಳು ಉಳುವ ಎತ್ತಿಗೆ ಹೋಗುತ್ತಿತ್ತು. ಬಸಿದ ನೀರು, ಅಂದರೆ ಕಟ್ಟು, ಮನೆಯವರಿಗೆ ಬರುತ್ತಿತ್ತು. ಅದಕ್ಕೆ ಹುಣಸೆಹಣ್ಣು, ಖಾರ, ಬೆಳ್ಳುಳ್ಳಿ ಹಾಕಿ ಕುದಿಸಿದರೆ ಕಟ್ಟಿನ ಸಾರು. ಗದ್ವಾಲ್ ತಾಲೂಕು 1956ರ ರಾಜ್ಯ ವಿಂಗಡಣೆಯ ತನಕ ರಾಯಚೂರು ಜಿಲ್ಲೆಯಲ್ಲಿತ್ತು. ಆಮೇಲೆ ಗಡಿ ಬದಲಾಯಿತು, ಗಡಿಗೆ ಮಾತ್ರ ಬದಲಾಗಲಿಲ್ಲ. ಕನ್ನಡ ಮನೆಯಲ್ಲಿ ಹುರುಳಿ ಕಟ್ಟು ಎನ್ನುವುದನ್ನೇ ತೆಲುಗು ಮನೆಯಲ್ಲಿ ಉಲವಚಾರು ಎನ್ನುತ್ತಾರೆ.

ಈಗ ಬಹಳ ಮನೆಗಳಲ್ಲಿ ಎತ್ತಿಲ್ಲ, ಟ್ರ್ಯಾಕ್ಟರ್ ಬಂದಿದೆ. ಆದರೆ ಕಾಳು ಬೇರೆ, ಕಟ್ಟು ಬೇರೆ ಎಂಬ ರೂಢಿ ಹೋಗಿಲ್ಲ. ಕೂಸಿಗೆ, ಬಾಣಂತಿಗೆ, ಜ್ವರ ಬಂದವರಿಗೆ, ಹಲ್ಲಿಲ್ಲದ ಅಜ್ಜಿಗೆ ನಾವು ಕೊಡುವುದು ಮೇಲಿನ ತಿಳಿಯನ್ನು ಮಾತ್ರ.

ಮಕ್ತಲ್ ಕಡೆಯ ಒಂದು ಮನೆಯಲ್ಲಿ ನಾವು ಕುಳಿತಿದ್ದಾಗ ಸೊಸೆ ತನ್ನ ಹತ್ತು ತಿಂಗಳ ಮಗುವಿಗೆ ಬೇಳೆಯ ತಿಳಿ ಕುಡಿಸುತ್ತಿದ್ದಳು. “ಅತ್ತಿ, ಒಂದೀಟು ಬ್ಯಾಳಿ ಹಿಸುಕಿ ಹಾಕ್ಲಿ?” ಎಂದು ಕೇಳಿದಳು. “ಬ್ಯಾಡವ್ವ, ಕೂಸಿಗೆ ಅರಗಂಗಿಲ್ಲ. ಸತ್ವ ಎಲ್ಲಾ ನೀರಾಗೇ ಇಳದಿರ್ತದ” ಎಂದರು ಅತ್ತೆ. ಅವರು ಹೇಳಿದ್ದು ಪ್ರೀತಿಯಿಂದಲೇ. ಮಗುವಿನ ಹೊಟ್ಟೆ ಕೆಡಬಾರದೆಂಬ ಕಾಳಜಿ ಅವರದು. ಆದರೆ ಮಾತು ಸರಿಯಲ್ಲ. ಆ ಮಗುವಿನ ಕೈಕಾಲು ಕಡ್ಡಿಯಂತೆ ಇದ್ದದ್ದನ್ನು ಕಂಡು ನಮಗೆ ಸುಮ್ಮನಿರಲಾಗಲಿಲ್ಲ.

ಸತ್ವ ಎಲ್ಲಿದೆ?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ನಮ್ಮ ದೇಶದ ಆಹಾರಗಳಲ್ಲಿ ಏನೇನು ಎಷ್ಟೆಷ್ಟು ಇದೆ ಎಂಬ ಪಟ್ಟಿಯನ್ನು 2017ರಲ್ಲಿ ಹೊಸದಾಗಿ ಪ್ರಕಟಿಸಿತು. ಅದರಂತೆ 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕ, ಅಂದರೆ ಪ್ರೊಟೀನು ಇದೆ. ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹುರುಳಿಯಲ್ಲಿ 250 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ, ಒಳ್ಳೆಯ ಪ್ರಮಾಣದಲ್ಲಿ ಕಬ್ಬಿಣಾಂಶವೂ ಇದೆ. ಒಂದು ಹಿಡಿ ಹುರುಳಿಯಲ್ಲಿ, ಸುಮಾರು 30 ಗ್ರಾಂ ಎಂದುಕೊಳ್ಳಿ, ಒಂದು ಕೋಳಿಮೊಟ್ಟೆಯಲ್ಲಿರುವಷ್ಟು ಸಸಾರಜನಕ ಸಿಗುತ್ತದೆ.

ಬೇಯಿಸಿದಾಗ ಇದರಲ್ಲಿ ಸ್ವಲ್ಪ ಭಾಗ ಮಾತ್ರ ನೀರಿಗೆ ಇಳಿಯುತ್ತದೆ. ಕೆಲವು ಲವಣಗಳು, ‘ಬಿ’ ಜೀವಸತ್ವಗಳು, ಬಣ್ಣ, ರುಚಿ ಇಳಿಯುತ್ತವೆ. ಅದಕ್ಕಾಗಿ ಬೆಂದ ನೀರನ್ನು ಚೆಲ್ಲಬಾರದು. ಆದರೆ ಮೈ ಬೆಳೆಸುವ ಸಸಾರಜನಕದ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಎತ್ತು ಬಲವಾಗಿದ್ದದ್ದು ಅದಕ್ಕೇ! ಮಗುವಿನ ಹೊಟ್ಟೆ ಚಿಕ್ಕದು. ಅದನ್ನು ತೆಳ್ಳನೆಯ ನೀರಿನಿಂದ ತುಂಬಿಸಿದರೆ ಅನ್ನಕ್ಕೆ ಜಾಗ ಉಳಿಯುವುದಿಲ್ಲ. ಮಗು ಅಳು ನಿಲ್ಲಿಸುತ್ತದೆ, ಆದರೆ ಬೆಳೆಯುವುದಿಲ್ಲ. ಹಾಗಾಗಿ ನಾವು ಹೇಳುವುದು ಇಷ್ಟೇ: ಸಾರು ಗಟ್ಟಿಯಾಗಿರಲಿ, ಕಾಳು ಅದರೊಳಗೇ ಇರಲಿ.

ಮಾಡುವ ಬಗೆ (ಆರು ಜನರಿಗೆ)

1. ಹುರುಳಿ ಗಟ್ಟಿಕಟ್ಟು: ಕಾಲು ಕಿಲೋ ಹುರುಳಿಯನ್ನು ಕಲ್ಲು, ಕಸ ಆರಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರನ್ನು ಚೆಲ್ಲಿರಿ. ಇದರಿಂದ ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ. ಎರಡು ಲೀಟರ್ ಹೊಸ ನೀರು ಹಾಕಿ ಕಾಳು ಬೆರಳಿಗೆ ನುಣ್ಣಗಾಗುವ ತನಕ ಬೇಯಿಸಿ. ಕುಕ್ಕರಿನಲ್ಲಾದರೆ ಏಳೆಂಟು ಸೀಟಿ ಬೇಕಾದೀತು. ಅರ್ಧ ಕಾಳನ್ನು ರುಬ್ಬಿ ಅಥವಾ ಕಡಗೋಲಿನಿಂದ ಮಸೆದು ಅದೇ ನೀರಿಗೆ ಸೇರಿಸಿ. ಉಳಿದರ್ಧ ಹಾಗೆಯೇ ಇರಲಿ. ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಅರಿಸಿನ, ಉಪ್ಪು, ಜಜ್ಜಿದ ಮೆಣಸು, ಜೀರಿಗೆ ಹಾಕಿ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ಹೀಗೆ ಮಾಡಿದರೆ ತಲಾ ಸುಮಾರು 9 ಗ್ರಾಂ ಸಸಾರಜನಕ ಸಿಗುತ್ತದೆ.

2. ಜೋಳದ ಬಿಸಿ ಅಂಬಲಿ: ಒಂದು ಬಟ್ಟಲು ಜೋಳದ ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಐದು ಬಟ್ಟಲು ನೀರು ಉಪ್ಪಿನೊಂದಿಗೆ ಕುದಿಯುವಾಗ ಅದಕ್ಕೆ ಸುರಿದು, ಹತ್ತು ನಿಮಿಷ ಕೈಬಿಡದೆ ತಿರುವಿ. ಎರಡು ಹಿಡಿ ಬೇಯಿಸಿದ ತೊಗರಿಬೇಳೆ ಸೇರಿಸಿ. ಜೋಳದಲ್ಲಿ ಕಡಿಮೆಯಿರುವ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವುದು ಜೋಳದಲ್ಲಿದೆ. ಒಂದಕ್ಕೊಂದು ಜೊತೆ. ಒಲೆಯಿಂದ ಇಳಿಸಿದ ಮೇಲೆ ಎರಡು ಬಟ್ಟಲು ಮಜ್ಜಿಗೆ ಹಾಕಿ. ಕುದಿಯುವಾಗ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಹೆಚ್ಚಿದ ಉಳ್ಳಾಗಡ್ಡಿ ಜೊತೆಗಿದ್ದರೆ ಬೇರೆ ಪಲ್ಯ ಬೇಡ.

3. ಹಸಿ ತೊಗರಿಕಾಳಿನ ಸಾರು: ಈ ತಿಂಗಳುಗಳಲ್ಲಿ ಮಾತ್ರ ಸಿಗುವ ಸವಿ ಇದು. ಎರಡು ಬಟ್ಟಲು ಸುಲಿದ ಹಸಿಕಾಳನ್ನು ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜೊತೆ ಬಾಡಿಸಿ. ಅರ್ಧ ಭಾಗವನ್ನು ತರಿತರಿಯಾಗಿ ಅರೆಯಿರಿ. ಆರು ಬಟ್ಟಲು ನೀರಿನಲ್ಲಿ ಎಲ್ಲವನ್ನೂ ಇಪ್ಪತ್ತು ನಿಮಿಷ ಕುದಿಸಿ. ಗಟ್ಟಿ ಬರಲು ಎರಡು ಚಮಚ ಜೋಳದ ಹಿಟ್ಟು ಕದಡಿ ಹಾಕಿ. ಇಳಿಸುವ ಐದು ನಿಮಿಷ ಮೊದಲು ಎರಡು ಹಿಡಿ ನುಗ್ಗೆಸೊಪ್ಪು ಸೇರಿಸಿ. ಹಿತ್ತಲಿನ ಈ ಸೊಪ್ಪಿನಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ಇಳಿಸಿದ ಮೇಲೆ ನಿಂಬೆ ಹಿಂಡಿ. ನಿಂಬೆಯ ‘ಸಿ’ ಜೀವಸತ್ವವು ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವಂತೆ ಮಾಡುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದಕ್ಕೆ ತಡೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

4. ಕಾಲು ಸಾರು: ಕುರಿಯ ನಾಲ್ಕು ಕಾಲುಗಳನ್ನು ಸುಟ್ಟು, ಕೆರೆದು, ಅರಿಸಿನ ಹಚ್ಚಿ ಚೆನ್ನಾಗಿ ತೊಳೆಯಿರಿ. ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿ ಸಣ್ಣ ಉರಿಯಲ್ಲಿ ಮೂರು ಗಂಟೆ, ಇಲ್ಲವೇ ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ಒಂದು ಹಿಡಿ ಜೋಳದ ನುಚ್ಚು, ಒಂದು ಹಿಡಿ ಬೇಳೆ ಸೇರಿಸಿದರೆ ಹೊಟ್ಟೆ ತುಂಬುವ ಊಟವಾಗುತ್ತದೆ. ಮುರಿದ ಎಲುಬನ್ನು ಕಾಲು ಸಾರು ಕೂಡಿಸುತ್ತದೆ ಎಂದು ನಂಬುವವರಿದ್ದಾರೆ. ಎಲುಬಿನ ಸುಣ್ಣಾಂಶ ನೀರಿಗೆ ಬಹಳ ಕಡಿಮೆ ಇಳಿಯುತ್ತದೆ. ರುಚಿಗೆ, ಬಿಸಿಗೆ ಕುಡಿಯಿರಿ. ಎಲುಬು ಮುರಿದರೆ ಆಸ್ಪತ್ರೆಗೇ ಹೋಗಿರಿ.

ಯಾರಿಗೆ ಹೇಗೆ ಕೊಡಬೇಕು?

ಮಕ್ಕಳಿಗೆ: ಆರು ತಿಂಗಳ ತನಕ ತಾಯಿಯ ಹಾಲು ಸಾಕು, ಕಟ್ಟಾಗಲಿ ನೀರಾಗಲಿ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ಬೇಳೆ, ಅನ್ನ ಅಥವಾ ಜೋಳದ ನುಚ್ಚನ್ನು ಹಿಸುಕಿ, ಒಂದು ಚಮಚ ಎಣ್ಣೆ ಇಲ್ಲವೇ ತುಪ್ಪ ಹಾಕಿ ಕೊಡಿ. ಖಾರ ಬೇಡ. ಚಮಚವನ್ನು ಓರೆ ಮಾಡಿದಾಗ ಸುರಿದು ಹೋಗಬಾರದು, ಅಷ್ಟು ಗಟ್ಟಿಯಿರಲಿ. ಎರಡು ಮೂರು ಚಮಚದಿಂದ ಆರಂಭಿಸಿ, ದಿನಕ್ಕೆ ಎರಡು ಮೂರು ಸಲ ಕೊಡಿ. ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ ಬೇಕು. ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ಮಗುವಿನ ತೂಕ ಮಾಡಿಸಿ.

ಮುದುಕರಿಗೆ: ಹಲ್ಲಿಲ್ಲವೆಂದು ತಿಳಿ ಕೊಡಬೇಡಿ, ಕಾಳು ಅರೆದು ಕೊಡಿ. ರಕ್ತದೊತ್ತಡ ಇದ್ದವರಿಗೆ ಉಪ್ಪು ಕಡಿಮೆಯಿರಲಿ. ಒಬ್ಬರಿಗೆ ಇಡೀ ದಿನಕ್ಕೆ, ಎಲ್ಲ ಅಡಿಗೆಯಲ್ಲೂ ಸೇರಿ, ಒಂದು ಸಣ್ಣ ಚಮಚ ಅಂದರೆ 5 ಗ್ರಾಂ ಉಪ್ಪು ದಾಟಬಾರದು. ಮೂತ್ರಪಿಂಡದ ಕಾಯಿಲೆಯವರು ಕಾಳು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಬೇಕು.

ಹೊಲಕ್ಕೆ ಹೋಗುವವರಿಗೆ: ರಾತ್ರಿ ಉಳಿದ ಸಾರನ್ನು ಮುಚ್ಚಿಡಿ, ಬೆಳಿಗ್ಗೆ ಬುರುಬುರು ಕುದಿ ಬರಿಸಿಯೇ ಕುಡಿಯಿರಿ. ಬರೀ ಬೆಚ್ಚಗೆ ಮಾಡಿದರೆ ಸಾಲದು.

ಸಾರು ಊಟ, ಔಷಧಿಯಲ್ಲ

ಚಳಿಗಾಲದ ನೆಗಡಿಗೆ ಬಿಸಿ ಸಾರು ಹಿತ. ಆದರೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಮೆಣಸಿನ ಸಾರು ಕುಡಿಸುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಅಲ್ಲಿ ಉಚಿತ. ಚಿಕಿತ್ಸೆ ಪಡೆಯುವವರ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಹಾಗೆಯೇ ಹುರುಳಿ ಕಟ್ಟು ಕುಡಿದರೆ ಮೂತ್ರದ ಕಲ್ಲು ಕರಗುತ್ತದೆಂದು ನಂಬಿ ನೋವನ್ನು ಸಹಿಸಿಕೊಂಡು ದಿನ ದೂಡಬೇಡಿ.

ಹೊಲದಲ್ಲಿ ಒಂದಿಷ್ಟು ಜಾಗ

ಕಾಲುವೆ ನೀರು ಬಂದಲ್ಲಿ ಭತ್ತ, ಇಲ್ಲದಲ್ಲಿ ಹತ್ತಿ. ನಮ್ಮ ಹೊಲಗಳು ಹೀಗೆ ಆಗುತ್ತಿವೆ. ರೊಕ್ಕ ಬೇಕು, ಅದು ನಮಗೂ ಗೊತ್ತು. ಆದರೆ ಮನೆಯ ಗಡಿಗೆಗೆ ಬೇಕಾದ ಕಾಳನ್ನು ಅಂಗಡಿಯಿಂದ ತರುವಂತಾದರೆ ಮೊದಲು ಕಡಿಮೆಯಾಗುವುದು ಮಕ್ಕಳ ಬಟ್ಟಲಿನ ಕಾಳೇ. ಹತ್ತಿಯ ಸಾಲುಗಳ ನಡುವೆ ಅಲ್ಲಲ್ಲಿ ಒಂದು ಸಾಲು ತೊಗರಿ ಹಾಕುವ ಹಳೆಯ ಪದ್ಧತಿಯನ್ನು ಬಿಡಬೇಡಿ. ಕೆಂಪು ಮಸಾರಿ ತುಂಡಿನಲ್ಲಿ, ಬೇರೇನೂ ಬಾರದ ಕಡೆ, ಹಿಂಗಾರಿನ ಆರಂಭದಲ್ಲಿ ನಾಲ್ಕು ಹಿಡಿ ಹುರುಳಿ ಚೆಲ್ಲಿರಿ. ಗೊಬ್ಬರ ಹೆಚ್ಚು ಬೇಡದ, ಬರವನ್ನು ತಾಳುವ, ಭೂಮಿಗೆ ಸಾರಜನಕ ಕೊಡುವ ಬೆಳೆ ಅದು. ಎರೆಭೂಮಿಯಿದ್ದರೆ ಮನೆಮಟ್ಟಿಗೆ ಹಿಂಗಾರಿ ಜೋಳ ಇರಲಿ. ಕಾಳನ್ನು ಚೆನ್ನಾಗಿ ಒಣಗಿಸಿ, ಬೇವಿನೆಲೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಒಂದು ಎಚ್ಚರಿಕೆ. ಹತ್ತಿಗೆ ಔಷಧಿ ಹೊಡೆದಿದ್ದರೆ ಆ ಸಾಲುಗಳ ತೊಗರಿಕಾಯಿ, ಸೊಪ್ಪನ್ನು ಗಡಿಗೆಗೆ ತರಬೇಡಿ. ಔಷಧಿ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಳೆಯಲೇಬೇಕು. ಖಾಲಿ ಡಬ್ಬಿಯಲ್ಲಿ ನೀರು, ಮಜ್ಜಿಗೆ, ಎಣ್ಣೆ ತುಂಬುವುದಂತೂ ಎಂದಿಗೂ ಬೇಡ. ತೊಳೆದರೂ ವಿಷ ಹೋಗುವುದಿಲ್ಲ.

ಮಕ್ತಲ್ ಕಡೆಯ ಆ ಮನೆಗೆ ನಾವು ಮತ್ತೆ ಹೋದಾಗ ಅತ್ತೆಯೇ ಬೇಳೆ ಹಿಸುಕುತ್ತಿದ್ದರು. “ನೀವು ಎತ್ತಿನ ಮಾತು ಹೇಳಿದ್ದು ಮನಸಿಗೆ ಹತ್ತಿತ್ರೀ. ನಮ್ಮ ಮೊಮ್ಮಗ ಎತ್ತಿಗಿಂತ ಕಡಿಮಿ ಏನ್ರೀ?” ಎಂದು ನಕ್ಕರು. ತಾಯಂದಿರೇ, ಇಂದು ರಾತ್ರಿ ಮಗುವಿನ ಬಟ್ಟಲಿಗೆ ಸಾರು ಬಡಿಸುವಾಗ ಸೌಟನ್ನು ಮೇಲೆ ತೇಲಿಸಬೇಡಿ. ಗಡಿಗೆಯ ತಳಕ್ಕೆ ಇಳಿಸಿ. ನಮ್ಮ ಹೊಲದ ಕಸುವು ಅಲ್ಲಿದೆ.